ಎಣ್ಣೆ ಹಚ್ಚದ ಅವರೆ

ಚಳಿಗಾಲ ಬಂತೆಂದರೆ ನಮ್ಮ ಮೇಡಂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಕಂದುಗಟ್ಟುತ್ತಿತ್ತು. ಉಗುರಿನ ಸಂದಿಯಲ್ಲಿ ಹಸಿರು ಗೆರೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಬಿಡದ ಸೊಗಡಿನ ವಾಸನೆ. ನಮ್ಮ ಕೋಲಾರದ ಕಡೆ ಡಿಸೆಂಬರಿನಲ್ಲಿ ಯಾವ ಮನೆಯ ಹೆಂಗಸಿನ ಕೈ ನೋಡಿದರೂ ಹೀಗೇ ಇರುತ್ತದೆ. ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿದುಕಿ, ಸಿಪ್ಪೆಯಿಂದ ಬೇಳೆಯನ್ನು ಪುಟಕ್ಕನೆ ಹಾರಿಸಿ ಹಾರಿಸಿ ಪಳಗಿದ ಕೈ ಅದು. ಮೇಡಂ ಮಾತ್ರ ಸಾರಿಗಾಗಿ ಹಿದುಕುತ್ತಿರಲಿಲ್ಲ. ಸಸ್ಯಶಾಸ್ತ್ರ ವಿಭಾಗದ ಕೊನೆಯ ಕೋಣೆಯಲ್ಲಿ, ಕಿಟಕಿ ಪಕ್ಕದ ಕಲ್ಲು ಮೇಜಿನ ಮುಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎತ್ತರದ ಸ್ಟೂಲಿನ ಮೇಲೆ ಕೂತು, ಮೊಳಕೆ ಒಡೆದ ಕಾಳಿನ ಸಿಪ್ಪೆ ಬಿಡಿಸಿ ಬೇರನ್ನೂ ಬೇಳೆಯನ್ನೂ ಬೇರೆ ಬೇರೆ ಬಟ್ಟಲಿಗೆ ಹಾಕುತ್ತಿದ್ದರು. ಚಿಮಟಿಗೆ ಇತ್ತು, ಮುಟ್ಟುತ್ತಿರಲಿಲ್ಲ. ಬೆರಳಿಗೆ ಗೊತ್ತಾಗುವಷ್ಟು ಚಿಮಟಿಗೆಗೆ ಗೊತ್ತಾಗಲ್ಲ ಎನ್ನುವರು.

ನಾನು ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವರ ಬಳಿ ಸೇರಿದ್ದಕ್ಕೆ ಕಾರಣ ನನ್ನ ಒಂದು ಚಟ. ಹೈಸ್ಕೂಲಿನಿಂದಲೂ ದಿನಚರಿ ಬರೆಯುತ್ತೇನೆ. ತಾರೀಖು, ವಾರ, ಮಳೆ ಬಂತೇ ಇಲ್ಲವೇ, ಕ್ಯಾಲನೂರಿನಿಂದ ಬರುವ ನಮ್ಮ ಬಸ್ಸು ಸಮಯಕ್ಕೆ ಬಂತೇ ಇಲ್ಲವೇ, ಎಲ್ಲಕ್ಕೂ ಲೆಕ್ಕವಿರಬೇಕು. ಮೇಡಂ ಪಾಠ ಮಾಡುತ್ತ ‘ನೋಡೋಣ’ ಎಂದಾಗಲೆಲ್ಲ ನಾನು ನೋಟ್ಸಿನ ಅಂಚಿನಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ನಾಲ್ಕಾದರೆ ಮೇಲೊಂದು ಅಡ್ಡಗೀಟು. ಒಂದು ದಿನ ಅವರು ಬೆಂಚುಗಳ ನಡುವೆ ನಡೆಯುತ್ತ ಬಂದು ನನ್ನ ಪುಸ್ತಕದ ಮೇಲೆ ಬಗ್ಗಿದರು.

“ಏನೇ ಇದು, ಹಾಲಿನ ಲೆಕ್ಕಾನಾ?”

ಸುಳ್ಳು ಹೇಳಲು ಹೊಳೆಯಲಿಲ್ಲ. ಇದ್ದದ್ದನ್ನು ಹೇಳಿಬಿಟ್ಟೆ. ತರಗತಿಯೆಲ್ಲ ನಕ್ಕಿತು. ಇವತ್ತು ಎಷ್ಟಾಯಿತು ಎಂದು ಕೇಳಿದರು, ಹೇಳಿದೆ. ಜಾಸ್ತಿಯಾಯಿತು, ನಾಳೆಯಿಂದ ಕಡಿಮೆ ಮಾಡುತ್ತೇನೆ, ಎಣಿಸುತ್ತಿರು ಎಂದರು. ಮರುದಿನವೂ ಅಷ್ಟೇ ಆಯಿತು. ಆ ವಾರದ ಕೊನೆಯಲ್ಲಿ ನನ್ನನ್ನು ಲ್ಯಾಬಿಗೆ ಕರೆಸಿ, ಮೊಳಕೆ ಎಣಿಸುವುದಕ್ಕೆ, ಬೇರು ಅಳೆಯುವುದಕ್ಕೆ ನಿನ್ನಂಥವಳೇ ಬೇಕು ಎಂದರು. ನನ್ನ ಚಟಕ್ಕೆ ಒಂದು ಉದ್ಯೋಗ ಸಿಕ್ಕಿದ್ದು ಅದೇ ಮೊದಲು.

ಅವರ ಪಾಠಗಳೆಲ್ಲ ಅಡುಗೆಮನೆಯಿಂದ ಶುರುವಾಗುತ್ತಿದ್ದವು. ಅವರೆಯ ಸೊಗಡು ಎಂದರೇನು ಎಂದು ಕೇಳಿ, ನಾವು ಬಾಯಿ ಬಾಯಿ ಬಿಟ್ಟರೆ, ಕಾಯಿಯ ಮೇಲೆ ಕೈಯಾಡಿಸಿ ಅಂಟು ತೋರಿಸುವರು. ಅದೂ ಎಣ್ಣೆಯೇ, ಸಿಪ್ಪೆಯ ಮೇಲಿನ ಸಣ್ಣ ರೋಮಗಳಿಂದ ಒಸರುವ ಎಣ್ಣೆ. ನಾವು ಇಲ್ಲಿಯವರು ಎಣ್ಣೆಯ ವಾಸನೆಗೆ ದುಡ್ಡು ಕೊಟ್ಟು ಅವರೆ ಕೊಳ್ಳುವ ಜನ, ಕೊಬ್ಬಿನ ಪಾಠ ನಮಗೆ ಕಷ್ಟವಾಗಬಾರದು ಎನ್ನುವರು.

ಅವರು ಹಿಡಿದ ಪ್ರಶ್ನೆಯೂ ಕೊಬ್ಬಿನದೇ. ನಾನು ಸೇರಿದ ಮೊದಲ ದಿನ ಅದನ್ನು ವಿವರಿಸಿದ ರೀತಿ ಇವತ್ತಿಗೂ ಹಾಗೇ ನೆನಪಿದೆ.

“ಬೀಜದೊಳಗೆ ಎರಡು ತರದ ಕೊಬ್ಬು ಇರುತ್ತೆ ಕಣೇ. ಒಂದು ಬುತ್ತಿ, ಇನ್ನೊಂದು ಮಾತು. ಬುತ್ತಿ ತಿನ್ನೋಕೆ. ಮಾತು ಕೇಳೋಕೆ. ‘ಇನ್ನೂ ನೀರು ಬಂದಿಲ್ಲ, ತಡಿ’ ಅನ್ನೋ ಮಾತು. ನೀರು ಬಂದ್ಮೇಲೆ ಆ ಮಾತನ್ನ ಅಳಿಸ್ಬೇಕು. ಅಳಿಸ್ದೆ ಇದ್ರೆ ಬೇರು ಮುಂದಕ್ಕೆ ಹೋಗಲ್ಲ.”

ಆ ಮಾತಿನ ಹೆಸರು ಎನ್-ಅಸೈಲ್ ಎಥನಾಲಮೀನ್. ಹೆಸರು ಉದ್ದ, ಇರುವುದು ಚೂರು. ಒಣಗಿದ ಬೀಜದಲ್ಲಿ ಅದು ಹೆಚ್ಚಿರುತ್ತದೆ. ಬೀಜ ನೀರು ಕುಡಿದು ಎಚ್ಚೆತ್ತ ಮೇಲೆ ಎರಡು ಕಿಣ್ವಗಳು ಅದರ ಮೇಲೆ ಬೀಳುತ್ತವೆ. ಒಂದು ಅದನ್ನು ನಡುವೆ ಕತ್ತರಿಸುತ್ತದೆ, ಇನ್ನೊಂದು ಅದಕ್ಕೆ ಆಮ್ಲಜನಕ ಸೇರಿಸಿ ಬೇರೆಯದನ್ನಾಗಿ ಮಾಡುತ್ತದೆ. ಹೊರಗಿನಿಂದ ಅದೇ ಅಣುವನ್ನು ನೀರಿಗೆ ಬೆರೆಸಿ ಕೊಟ್ಟರೆ ಮೊಳಕೆಯ ಬೇರು ಮೊಂಡಾಗಿ ನಿಂತುಬಿಡುತ್ತದೆ. ನಮ್ಮ ಮೆದುಳಿನಲ್ಲೂ ಇದರ ದಾಯಾದಿಯೊಂದು ಇದೆಯಂತೆ. ಅದನ್ನು ಕಂಡುಹಿಡಿದವರು ನಮ್ಮ ‘ಆನಂದ’ ಪದವನ್ನೇ ಸೇರಿಸಿ ಹೆಸರಿಟ್ಟಿದ್ದಾರೆ. ಇದನ್ನು ಹೇಳುವಾಗಲೆಲ್ಲ ಮೇಡಂ ಮುಖದಲ್ಲಿ ತವರಿನ ಸುದ್ದಿ ಹೇಳುವ ಹಿಗ್ಗು ಕಾಣುತ್ತಿತ್ತು. ಬೇರೆ ಬೇರೆ ಬೀಜಗಳಲ್ಲಿ ಇದನ್ನೆಲ್ಲ ನೋಡಿದವರಿದ್ದರು. ನಮ್ಮ ನಾಟಿ ಅವರೆಯಲ್ಲಿ ಅದು ಎಷ್ಟಿದೆ, ಯಾವ ದಿನ ಎಷ್ಟು ಕರಗುತ್ತದೆ ಎಂಬುದು ಮೇಡಂ ಪ್ರಶ್ನೆ.

ಪ್ರಶ್ನೆಯ ಹಿಂದೆ ಒಂದು ಗಡುವೂ ಇತ್ತು. ಅವರು ಪಿಎಚ್.ಡಿ.ಗೆ ನೋಂದಾಯಿಸಿ ಬಹಳ ವರ್ಷಗಳಾಗಿದ್ದವು. ಗಂಡನ ಕಾಯಿಲೆ, ಆಮೇಲೆ ಅವರಿಲ್ಲದ ವರ್ಷಗಳು, ಅದರ ನಡುವೆ ಕಾಲೇಜು. ಕೇಳಿದಾಗಲೆಲ್ಲ ಅವಧಿ ವಿಸ್ತರಿಸಿಕೊಟ್ಟ ವಿಶ್ವವಿದ್ಯಾಲಯ ಈ ಸಲ ಇದೇ ಕೊನೆ ಎಂದಿತ್ತು. ಜೂನ್ ಮುಗಿಯುವುದರೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು. ಅದರ ಬೆನ್ನಿಗೇ ನಿವೃತ್ತಿ. ಪಕ್ಕದ ವಿಭಾಗದ ರಸಾಯನಶಾಸ್ತ್ರದ ಸರ್ ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ, ಮೇಡಂ, ನಿಮ್ಮ ಅವರೆ ಮೊಳಕೆ ಬರುವುದರೊಳಗೆ ನಮಗೆಲ್ಲ ಪೆನ್ಷನ್ ಬಂದಿರುತ್ತದೆ ಎಂದು ಕಿಚಾಯಿಸುವರು. ಮೇಡಂ ನಗುವರು. ಒಮ್ಮೆ ಮಾತ್ರ, ನಾವಿಬ್ಬರೇ ಇದ್ದಾಗ, ನಗದೆ ಹೇಳಿದರು: “ನಮ್ಮಮ್ಮನ ಕಾಲಕ್ಕೆ ಆಗ್ಬೇಕು ಕಣೇ. ಅಷ್ಟೇ ನನ್ನ ಆಸೆ.” ಶ್ರೀನಿವಾಸಪುರದಲ್ಲಿ ನೆಂಟರಿಷ್ಟರೆಲ್ಲ ಹತ್ತನೇ ಕ್ಲಾಸಿಗೆ ಓದು ಸಾಕು ಎಂದಾಗ, ಓದಲಿ ಎಂದು ಹಟ ಹಿಡಿದು ಮಗಳನ್ನು ಕೋಲಾರದ ಬಸ್ಸು ಹತ್ತಿಸಿದ ತಾಯಿ ಅವರು.

ಪ್ರಯೋಗಕ್ಕೆ ಕಾಳೆಲ್ಲ ಒಂದೇ ಹೊಲದ್ದಾಗಿರಬೇಕು. ಹಿಂದಿನ ಹಂಗಾಮಿನಲ್ಲೇ ಮೇಡಂ ಒಂದು ಹೊಲದ ಒಣ ಅವರೆ ತರಿಸಿದ್ದರು. ಲ್ಯಾಬಿನಲ್ಲಿ ಇಲಿ ಕಾಟ. ಹಾಗಾಗಿ ಕಾಳನ್ನು ಶ್ರೀನಿವಾಸಪುರದ ತಾಯಿಯ ಮನೆಯಲ್ಲಿ ಡಬ್ಬಕ್ಕೆ ತುಂಬಿಟ್ಟು, ಬೇಕಾದಾಗ ಬೇಕಾದಷ್ಟು ತರುತ್ತಿದ್ದರು.

ಕೆಲಸ ಸರಳವೇ. ಒಣ ಕಾಳನ್ನು ನೇರವಾಗಿ ಕುಟ್ಟಿ ದ್ರಾವಣದಲ್ಲಿ ಅದರ ಕೊಬ್ಬು ತೆಗೆಯುವುದು. ಮೊಳಕೆಗೆ ಹಾಕುವ ಕಾಳನ್ನು, ಬೂಷ್ಟು ಬರದಿರಲೆಂದು, ಮೊದಲು ಸೋಪಿನ ನೀರಿನಲ್ಲೂ ಆಮೇಲೆ ಬ್ಲೀಚಿಂಗ್ ನೀರಿನಲ್ಲೂ ತೊಳೆದು, ಒದ್ದೆ ಕಾಗದದ ಮೇಲೆ ಕತ್ತಲಲ್ಲಿ ಮೊಳಕೆ ಬರಿಸಿ, ದಿನಕ್ಕೊಂದು ಪಾಲು ತೆಗೆದು ಕುಟ್ಟುವುದು. ಬಿಳಿ ಪುಡಿ ಬಳಿದ ಗಾಜಿನ ಪ್ಲೇಟಿನ ಬುಡದಲ್ಲಿ ಪ್ರತಿ ದಿನದ ಸಾರದ ಒಂದೊಂದು ಹನಿ ಇಟ್ಟು ದ್ರಾವಣದಲ್ಲಿ ನಿಲ್ಲಿಸಿದರೆ, ದ್ರಾವಣ ಮೇಲೇರುತ್ತ ಬೇರೆ ಬೇರೆ ಕೊಬ್ಬನ್ನು ಬೇರೆ ಬೇರೆ ಎತ್ತರಕ್ಕೆ ಒಯ್ಯುತ್ತದೆ. ಅಯೋಡಿನ್ ಹೊಗೆಯಲ್ಲಿ ಇಟ್ಟರೆ ಕಂದು ಕಲೆಗಳಾಗಿ ಕಾಣುತ್ತವೆ. ನಮ್ಮ ಅಣು ಏರುವ ಎತ್ತರ ಗೊತ್ತಿತ್ತು. ಆ ಎತ್ತರದಲ್ಲಿ ಕಲೆ ಎಷ್ಟು ದಟ್ಟವಾಗಿದೆ ಎಂದು ಅಳೆಯಬೇಕು.

ಮೊದಲ ಪ್ಲೇಟಿನಲ್ಲೇ ಒಣ ಕಾಳಿನ ಕಲೆ ಕಾಫಿ ಚೆಲ್ಲಿದಷ್ಟು ಗಾಢವಾಗಿ ಬಂತು. ನೆನೆದ ಕಾಳಿನಲ್ಲಿ ಅದು ತಟ್ಟನೆ ತೆಳುವಾಯಿತು, ಮೊಳಕೆಯಲ್ಲಿ ಇಲ್ಲವೆನ್ನುವಷ್ಟಾಯಿತು. ಎಷ್ಟು ಸಲ ಮಾಡಿದರೂ ಹಾಗೇ. ಗ್ರಾಫು ಬರೆದರೆ ಬೆಟ್ಟದಿಂದ ಇಳಿದ ದಾರಿ. ಪುಸ್ತಕಗಳು ಹೇಳುವುದಕ್ಕಿಂತ ಇಳಿತ ಬಹಳ ಜೋರಾಗಿದೆಯಲ್ಲ ಎಂದು ಮೇಡಂ ಒಮ್ಮೆ ಹುಬ್ಬೇರಿಸಿದರು. ನಮ್ಮ ಅವರೆ ನಮ್ಮ ಹಾಗೇ ಮಾತು ಜಾಸ್ತಿ ಎಂದು ನಕ್ಕರು. ಲ್ಯಾಬ್ ಅಟೆಂಡರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, “ಮೇಡಂ, ಈ ಸಲ ಬಿರಿಯಾನಿ ಗ್ಯಾರಂಟಿ” ಎಂದರು. ಫೆಬ್ರವರಿಯ ಹೊತ್ತಿಗೆ ಪ್ರಬಂಧದ ಮುಕ್ಕಾಲು ಪಾಲು ಟೈಪಾಗಿತ್ತು.

ಉಳಿದ ಕಾಳು ತಂದು ಫೋಟೋ ತೆಗೆಯಬೇಕೆಂದು ಒಂದು ಭಾನುವಾರ ಮೇಡಂ ನನ್ನನ್ನೂ ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೋದರು. ತಾಯಿ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದರು. ಮುಂದೆ ಮೊರದ ತುಂಬ ಹೊಸ ಒಣ ಅವರೆ, ಪಕ್ಕದಲ್ಲಿ ಹರಳೆಣ್ಣೆಯ ಬಟ್ಟಲು. ಅಂಗೈಗೆ ಎರಡು ತೊಟ್ಟು ಎಣ್ಣೆ ಹಾಕಿಕೊಂಡು, ಕಾಳನ್ನು ಬೊಗಸೆಯಲ್ಲಿ ತೆಗೆದು ತಿಕ್ಕಿ ತಿಕ್ಕಿ ಬಿಡುತ್ತಿದ್ದರು. ಹುಳ ಬೀಳದಿರಲೆಂದು ನಮ್ಮ ಕಡೆ ಎಲ್ಲರೂ ಹೀಗೆ ಮಾಡುತ್ತಾರೆ. ನಮ್ಮಮ್ಮನೂ ಮಾಡುತ್ತಾಳೆ. ನಮ್ಮ ಕಣ್ಣಿಗೆ ಒಣ ಅವರೆ ಎಂದರೆ ಹೊಳೆಯುವ ಅವರೆಯೇ.

“ರಾ ತಲ್ಲಿ, ಕೂತ್ಕೋ” ಎಂದು ನನಗೆ ಮಣೆ ತೋರಿಸಿ, ಮಗಳ ಕಡೆ ತಿರುಗಿದರು. “ಏಮ್ಮಾ, ಹೋದ್ ವರ್ಷ ನಿನ್ ಕಾಲೇಜ್ ಕಾಳಿಗೂ ಇಬ್ರೂ ಕೂತು ಹಚ್ಚಿದ್ವಲ್ಲ, ಒಂದು ಪುರುಗಾದ್ರೂ ಬಿತ್ತಾ?”

ಪುರುಗು ಎಂದರೆ ತೆಲುಗಿನಲ್ಲಿ ಹುಳ. ಮೇಡಂ ಆಗಲೇ ಮೊರದ ಮುಂದೆ ಕೂತು ಅಭ್ಯಾಸಬಲದಿಂದ ಬೊಗಸೆ ತುಂಬ ಕಾಳು ತೆಗೆದುಕೊಂಡಿದ್ದರು. ತಾಯಿಯ ಮಾತು ಕಿವಿಗೆ ಬಿದ್ದು ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೈ ಹಾಗೇ ನಿಂತಿತು. ತಮ್ಮ ಅಂಗೈಯ ಹೊಳಪನ್ನು ನೋಡಿದರು, ನನ್ನನ್ನು ನೋಡಿದರು. ನನಗೂ ಅದೇ ಹೊತ್ತಿಗೆ ಹೊಳೆದಿತ್ತು. ಒಣ ಕಾಳನ್ನು ನಾವು ತೊಳೆಯದೆ ಕುಟ್ಟಿದ್ದೆವು. ಮೊಳಕೆಯ ಕಾಳನ್ನು ಸೋಪು ಹಾಕಿ ತೊಳೆದಿದ್ದೆವು.

“ಇಲ್ಲಮ್ಮ,” ಎಂದರು ಮೇಡಂ ಮೆಲ್ಲಗೆ, “ಒಂದೂ ಬೀಳ್ಲಿಲ್ಲ.”

ತಾಯಿ ಬಡಿಸಿದ ಊಟವನ್ನು ಎಂದಿನಂತೆ ಹೊಗಳುತ್ತ ಉಂಡರು. ಬಸ್ಸಿನಲ್ಲಿ ಕಿಟಕಿಯ ಹೊರಗೆ ಹೂಬಿಟ್ಟ ಮಾವಿನ ತೋಪುಗಳನ್ನು ನೋಡುತ್ತ ಕೂತರು. ಹಚ್ಚಿದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ಅವರಿಗೆ ನೆನಪಾಗಲಿಲ್ಲವಂತೆ. ಚಿಕ್ಕಂದಿನಿಂದ ಪ್ರತಿ ವರ್ಷ ಮಾಡಿದ ಕೆಲಸ. ತಾಯಿಯೊಂದಿಗೆ ಮಾತಾಡುತ್ತ ಕೂತಾಗ ಕೈ ತನ್ನ ಪಾಡಿಗೆ ಮಾಡಿ ಮುಗಿಸಿತ್ತು. ಕೊಬ್ಬು ಅಳೆಯಬೇಕಾದ ಬೀಜಕ್ಕೆ, ಕೊಬ್ಬಿನ ಪಾಠ ಮಾಡುವ ಕೈಯೇ ಎಣ್ಣೆ ಹಚ್ಚಿತ್ತು. ಕೋಲಾರ ಹತ್ತಿರವಾದಾಗ ಒಂದೇ ಮಾತು ಹೇಳಿದರು: “ಆ ಕಲೇಲಿ ನಮ್ದು ಎಷ್ಟು, ಹರಳೆಣ್ಣೆದು ಎಷ್ಟು, ನೋಡೋಣ.” ಆ ದಿನದ ‘ನೋಡೋಣ’ವನ್ನು ನಾನು ಎಣಿಸಲಿಲ್ಲ.

ಸೋಮವಾರ ಬೆಳಿಗ್ಗೆಯೇ ಪ್ಲೇಟು ಹಾಕಿದೆವು. ಒಂದು ಹನಿ ಬರೀ ಹರಳೆಣ್ಣೆ, ಒಂದು ಡಬ್ಬದ ಒಣ ಕಾಳು, ಒಂದು ಅದೇ ಕಾಳನ್ನು ಚೆನ್ನಾಗಿ ತೊಳೆದು ಒರೆಸಿದ್ದು. ಬೇರೆ ಅಡುಗೆ ಎಣ್ಣೆಗಳು ಪ್ಲೇಟಿನ ಮೇಲಕ್ಕೆ ಓಡಿಹೋಗುತ್ತವೆ. ಹರಳೆಣ್ಣೆಯ ಗುಣ ಬೇರೆ, ಅದು ಕೆಳಗೇ ನಿಧಾನಿಸುತ್ತದೆ. ಅಯೋಡಿನ್ ಹೊಗೆಯಲ್ಲಿ ನೋಡಿದರೆ ಅದು ಬಂದು ಕೂತದ್ದು ಸರಿಯಾಗಿ ನಮ್ಮ ಅಣುವಿನ ಜಾಗಕ್ಕೆ ಅಂಟಿಕೊಂಡೇ. ಡಬ್ಬದ ಕಾಳಿನ ಕಲೆ ಅದೇ ಕಾಫಿ ಬಣ್ಣ. ತೊಳೆದ ಕಾಳಿನದು ಇದೆಯೋ ಇಲ್ಲವೋ ಎಂಬಷ್ಟು. ಮೇಡಂ ಕನ್ನಡಕ ತೆಗೆದು, ಪ್ಲೇಟನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಇದೆ. ಸಣ್ಣಗಿದೆ, ಆದ್ರೆ ಇದೆ.”

ರಸಾಯನಶಾಸ್ತ್ರದ ಸರ್ ವಿಷಯ ತಿಳಿದು ಬಂದರು. ಕಿಚಾಯಿಸುವ ಮನುಷ್ಯ ಅಂದು ಕಿಚಾಯಿಸಲಿಲ್ಲ. ನಿಜವಾದ ಕಾಳಜಿಯಿಂದಲೇ ಮಾತಾಡಿದರು. ಇಳಿತ ಇರುವುದು ನಿಜ ತಾನೇ, ಸ್ವಲ್ಪ ಹೆಚ್ಚು ಕಾಣುತ್ತದೆ ಅಷ್ಟೇ; ಹೇಗಿದೆಯೋ ಹಾಗೇ ಕೊಟ್ಟುಬಿಡಿ, ಜೂನ್ ಬಂದೇಬಿಟ್ಟಿತು, ಅವರೆಗೆ ಎಣ್ಣೆ ಹಚ್ಚುವ ವಿಷಯ ಪರೀಕ್ಷಕರಲ್ಲಿ ಯಾರಿಗೆ ಗೊತ್ತು, ಯಾರು ಕೇಳುತ್ತಾರೆ ಎಂದರು.

“ಯಾರೂ ಕೇಳಲ್ಲ ಸರ್,” ಎಂದರು ಮೇಡಂ. “ಆದ್ರೆ ನಾಳೆ ಇನ್ಯಾವುದೋ ಹುಡುಗಿ ನಂದು ಓದಿ ಇದನ್ನೇ ಮಾಡ್ತಾಳೆ. ಅವಳಿಗೆ ಇಷ್ಟು ದೊಡ್ಡ ಕಲೆ ಬರಲ್ಲ. ನನ್ನ ಮೇಲೆ ಅನುಮಾನ ಪಡಲ್ಲ ಅವಳು, ತನ್ನ ಕೈ ಮೇಲೇ ಪಡ್ತಾಳೆ.”

ಸರ್ ತಲೆಯಾಡಿಸಿ ತಮ್ಮ ವಿಭಾಗಕ್ಕೆ ಹೋದರು. ನಾನು ಮೂಲೆಯಲ್ಲಿ ಪ್ಲೇಟು ಒರೆಸುತ್ತ ನಿಂತಿದ್ದೆ.

ತೊಳೆದ ಕಾಳಿನಲ್ಲೇ ಮತ್ತೆ ಮಾಡಬಹುದಲ್ಲ ಎಂದು ನಾನು ಕೇಳಿದೆ. ಒಂದು ವರ್ಷ ಎಣ್ಣೆಯಲ್ಲಿ ಕೂತ ಕಾಳು, ಎಷ್ಟು ಒಳಗೆ ಹೋಗಿದೆಯೋ ಯಾರು ಬಲ್ಲರು. ತೊಳೆದರೆ ನೀರೂ ಒಳಗೆ ಹೋಗುತ್ತದೆ, ನೀರು ಮುಟ್ಟಿದರೆ ಅದು ಒಣ ಕಾಳಲ್ಲ ಎಂದರು ಮೇಡಂ. ಹಾಗಾದರೆ ಎಣ್ಣೆ ಹಚ್ಚದ ಹೊಸ ಅವರೆ ಬೇಕು. ಕೋಲಾರ ಜಿಲ್ಲೆಯಲ್ಲಿ ಅವರೆಗೆ ಬರವೇ ಎಂದು ನನಗನ್ನಿಸಿತು. ಆದರೆ ಹುಡುಕಲು ಹೊರಟ ಮೇಲೆ ಗೊತ್ತಾಯಿತು, ನಮ್ಮ ಸೀಮೆಯಲ್ಲಿ ಮಾರ್ಚ್ ತಿಂಗಳಲ್ಲಿ ಏನೂ ಹಚ್ಚದ ಒಣ ಅವರೆ ಸಿಕ್ಕುವುದು ಎಷ್ಟು ಕಷ್ಟವೆಂದು.

ನಮ್ಮ ಕ್ಯಾಲನೂರಿನ ಮನೆಗಳನ್ನೆಲ್ಲ ಮೊದಲು ಕೇಳಿದೆ. ಎಲ್ಲರದೂ ಹೊಳೆಯುತ್ತಿತ್ತು. ಚಾಚಾ ಅವರ ತಮ್ಮನಿಗೆ ಮುಳಬಾಗಿಲಿನಲ್ಲಿ ಕಾಳಿನ ವ್ಯಾಪಾರ. ಅಲ್ಲಿ ಮೂಟೆಗಳಿಗೆ ಹುಳದ ಮಾತ್ರೆ ಇಟ್ಟಿದ್ದರು, ಅದೂ ಬೇಡವಾಯಿತು. ಅಲ್ಲಿಂದ ಮೇಡಂ, ಚಾಚಾ, ನಾನು ಆವನಿ ಎಂಬ ಊರಿಗೆ ಹೋದೆವು. ಅಲ್ಲಿ ಕೆಲವರು ಎಣ್ಣೆ ಹಚ್ಚುವ ಬದಲು ಕೆಮ್ಮಣ್ಣು ಕಟ್ಟಿ ಇಟ್ಟಿದ್ದರು. ನನಗೆ ಸಂತೋಷವಾಯಿತು, ಮೇಡಂ ತಲೆಯಾಡಿಸಿದರು. ಮಣ್ಣು ಕಲಸುವುದು ನೀರಿನಲ್ಲಲ್ಲವೇ, ಆ ಕಾಳು ಒಂದು ಸಲ ಎಚ್ಚೆತ್ತು ಮತ್ತೆ ಮಲಗಿದ್ದು, ನಮಗೆ ಏಳದೇ ಇರುವುದು ಬೇಕು ಎಂದರು. ಒಂದು ಮನೆಯಲ್ಲಿ ಯಜಮಾನಿ ನಮ್ಮ ಬೇಡಿಕೆ ಕೇಳಿ ನೊಂದುಕೊಂಡೇ ಬಿಟ್ಟರು. “ಏನೂ ಹಚ್ದೆ ಕಾಳಿಡೋಕೆ ನಮ್ಮನ್ನೇನು ಸೋಮಾರಿಗಳು ಅಂದ್ಕೊಂಡ್ರಾ?” ಅವರನ್ನು ಸಮಾಧಾನಪಡಿಸಲು ಮೇಡಂ ಮಜ್ಜಿಗೆ ಕುಡಿದು, ಸೊಸೆಯ ಊರು ಕೇರಿ ವಿಚಾರಿಸಿ, ಅರ್ಧ ಸೇರು ಹೊಳೆಯುವ ಅವರೆಯನ್ನು ಸುಮ್ಮನೆ ಕೊಂಡುಕೊಂಡರು. ಎಲ್ಲ ಮನೆಗಳಲ್ಲೂ ಹೀಗೇ ಮಾಡಿದ್ದರಿಂದ ಅವರ ಚೀಲ ಭಾರವಾಗುತ್ತ ಹೋಯಿತು. ಬಸ್ಸಿನಲ್ಲಿ ಚಾಚಾ, “ಸಾರಿಗೆ ಆಯ್ತು ಮೇಡಂ, ಸೈನ್ಸ್‌ಗೆ ಇನ್ನೂ ಇಲ್ಲ” ಎಂದರು.

ಸಿಕ್ಕಿದ್ದು ಎರಡನೆಯ ಭಾನುವಾರ, ದೇವರಾಯಸಮುದ್ರದಲ್ಲಿ. ಕೆರೆಯ ಕಡೆಯ ಒಂದು ಮನೆ. ಮಗಳ ಬಾಣಂತನದ ಗಡಿಬಿಡಿಯಲ್ಲಿ ಆ ತಾಯಿಗೆ ಅವರೆ ಬಡಿಯುವುದಕ್ಕೇ ಆಗಿರಲಿಲ್ಲ. ಒಣಗಿದ ಕಾಯಿ ಕಾಯಿಯಾಗಿಯೇ ಮಾಳಿಗೆಯ ಮೇಲೆ ರಾಶಿ ಬಿದ್ದಿತ್ತು. ಮೇಡಂ ಕೇಳಿದಾಗ ಆಕೆ ನಾಚಿಕೊಂಡು, ಇನ್ನೂ ಬಿಡಿಸಿಯೇ ಇಲ್ಲಮ್ಮ, ಯಾರ ಹತ್ತಿರವೂ ಹೇಳಬೇಡಿ ಎಂದರು. ಮೇಡಂ ಆಕೆಯ ಕೈಗಳನ್ನು ಹಿಡಿದುಕೊಂಡುಬಿಟ್ಟರು. ನಾವು ಮೂವರೂ ಮಾಳಿಗೆಯ ಮೇಲೆ ಕೂತು ಕಾಯಿ ಬಿಡಿಸಿದೆವು. ಕಾಳು ಮಂಕಾಗಿ, ಜಲ್ಲಿಕಲ್ಲಿನ ಚೂರುಗಳಂತೆ, ಹೊಳಪೇ ಇಲ್ಲದೆ ಕಾಣಿಸಿದವು. ಕೆಳಗೆ ಮಗು ಅಳುತ್ತಿತ್ತು. ನಡುವೆ ಆಕೆ ಕಾಫಿ ತಂದಾಗ ಸುಮ್ಮನಿರಲಾರದೆ ಕೇಳಿದರು, “ಸ್ವಲ್ಪ ಹರಳೆಣ್ಣೆ ಕೊಡ್ಲಾ ಅಮ್ಮ? ದಾರೀಲೇ ಹುಳ ಬಿದ್ದೀತು.” ಚಾಚಾ ಕಾಫಿ ಲೋಟ ಕೆಳಗಿಟ್ಟು ನಗತೊಡಗಿದರು. ಮೇಡಂಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಆಕೆಗೆ ನಾವು ಎಲ್ಲ ವಿವರಿಸಿ ಹೇಳಬೇಕಾಯಿತು.

ಮುಂದಿನ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಬೇರಿನ ಅಳತೆಗಳೆಲ್ಲ ಉಳಿದುಕೊಂಡವು, ಮೊಳಕೆಗೆ ಹಾಕಿದ ಕಾಳನ್ನು ತೊಳೆದೇ ಹಾಕಿದ್ದೆವಲ್ಲ. ಒಣ ಕಾಳಿನಿಂದ ಶುರುವಾಗುವ ಪ್ಲೇಟುಗಳನ್ನಷ್ಟೇ ಹೊಸದಾಗಿ ಮಾಡಬೇಕಿತ್ತು. ಬೇಸಿಗೆಯ ಸೆಕೆಗೆ ಮೊಳಕೆ ಅವಸರ ಮಾಡದಿರಲೆಂದು ಬಟ್ಟಲುಗಳನ್ನು ಮಣ್ಣಿನ ಮಡಕೆಯೊಳಗಿಟ್ಟು ಸುತ್ತ ಒದ್ದೆ ಗೋಣಿ ಸುತ್ತಿದೆವು. ರಜೆಯಲ್ಲೂ ಚಾಚಾ ಬಾಗಿಲು ತೆಗೆದುಕೊಟ್ಟರು. ರಸಾಯನಶಾಸ್ತ್ರದ ಸರ್ ತಮ್ಮ ವಿಭಾಗದ ದ್ರಾವಣದ ಬಾಟಲಿಗಳನ್ನು ತಾವೇ ಹೊತ್ತು ತಂದರು. ಹೊಸ ಗ್ರಾಫು ಬೆಟ್ಟದ ದಾರಿಯಾಗಲಿಲ್ಲ. ಕೆರೆಯ ಏರಿಯಿಂದ ಗದ್ದೆಗೆ ಇಳಿಯುವಷ್ಟು ಇಳಿಜಾರು. ಆದರೆ ಪ್ರತಿ ಸಲವೂ ಇಳಿಯಿತು, ಬೇರು ನೀಳವಾದ ದಿನಕ್ಕೆ ಕಲೆ ಮಾಯವಾಯಿತು. ಬೀಜ ತನ್ನ ಮಾತನ್ನು ನಿಜವಾಗಿಯೂ ಅಳಿಸುತ್ತಿತ್ತು, ನಾವು ಅಂದುಕೊಂಡಿದ್ದಕ್ಕಿಂತ ಮೆಲ್ಲಗೆ.

ಕೈಬಿಟ್ಟ ಪ್ಲೇಟುಗಳ ಕಥೆಯನ್ನು ಮೇಡಂ ಪ್ರಬಂಧದಲ್ಲೇ ಒಂದು ಪುಟ ಬರೆದರು. ಅವರ ಮಾರ್ಗದರ್ಶಕರು ಕರಡು ನೋಡಿ, ಸಂಗ್ರಹಿಸಿಟ್ಟಿದ್ದ ಮನೆಯಲ್ಲಿ ಎಣ್ಣೆ ಹಚ್ಚಲಾಗಿತ್ತು ಎಂದರೆ ಸಾಕಲ್ಲ ಎಂದು ಸೂಚಿಸಿದರಂತೆ. ತಾಯಿಯೂ ಫೋನಿನಲ್ಲಿ, ಮುದುಕಿ ತಿಳೀದೆ ಹಚ್ಚಿದಳು ಅಂತ ಬರಿ, ನನಗೇನು ಕೆಲಸ ಹೋಗುತ್ತಾ ಎಂದರಂತೆ. ಮೇಡಂ ‘ಸಂಶೋಧಕಿಯೇ ಹಚ್ಚಿದ್ದು’ ಎಂಬ ಅರ್ಥ ಬರುವ ಹಾಗೇ ಉಳಿಸಿಕೊಂಡರು. ಜೂನ್ ಕೊನೆಯ ವಾರ ಪ್ರಬಂಧ ಕೊಟ್ಟು ಬಂದ ದಿನ ನನ್ನ ಡೈರಿಯಲ್ಲಿ ಇಷ್ಟೇ ಇದೆ: ‘ಮೋಡ. ಮಳೆ ಇಲ್ಲ. ಕೊಟ್ಟಾಯಿತು. ಮೇಡಂ ಮಸಾಲೆ ದೋಸೆ ಕೊಡಿಸಿದರು.’

ಮೌಖಿಕ ಪರೀಕ್ಷೆ ನಡೆದದ್ದು ಅವರು ನಿವೃತ್ತರಾದ ಮೇಲೆ. ತಾಯಿ ಹೊಸ ಸೀರೆ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ಹೊರಗಿನಿಂದ ಬಂದ ಪರೀಕ್ಷಕರು ಆ ಪುಟವನ್ನೇ ತೆರೆದು, ಕೆಟ್ಟುಹೋದ ಪ್ರಯೋಗಕ್ಕೆ ಇಡೀ ಪುಟ ಏಕೆ ಎಂದು ಕೇಳಿದರು. ಮೇಡಂ ಕೋಲಾರದಲ್ಲಿ ಕಾಳನ್ನು ಹೇಗೆ ಕಾಪಾಡುತ್ತಾರೆಂಬುದರಿಂದ ಶುರು ಮಾಡಿ, ಮೊರ, ಅಂಗೈ, ಎರಡು ತೊಟ್ಟು ಎಣ್ಣೆ, ಎಲ್ಲವನ್ನೂ ಕೈಸನ್ನೆ ಮಾಡಿ ತೋರಿಸುತ್ತ ಹೇಳಿದರು. ಮಗಳು ಅಷ್ಟು ಜನರೆದುರು ಗಾಳಿಯಲ್ಲಿ ಕಾಳು ತಿಕ್ಕುವುದನ್ನು ಕಂಡು ತಾಯಿ ನನ್ನ ಮೊಳಕೈ ಹಿಡಿದು, ಏನು ಹೇಳುತ್ತಿದ್ದಾಳೆ ಎಂದು ಪಿಸುಗುಟ್ಟಿದರು. ನೀವು ಕಲಿಸಿದ್ದನ್ನು ಹೇಳುತ್ತಿದ್ದಾರೆ ಎಂದೆ. ಅವರು ಸೀರೆಯ ನೆರಿಗೆ ಸರಿಮಾಡಿಕೊಂಡು ನೆಟ್ಟಗೆ ಕೂತರು. ಆಮೇಲೆ ಪರೀಕ್ಷಕರು ಎದ್ದು ನಿಂತು ಪದವಿಗೆ ಶಿಫಾರಸು ಮಾಡುತ್ತೇವೆಂದಾಗ, ಯಾರೂ ಕನ್ನಡದಲ್ಲಿ ಹೇಳದೆಯೇ, ಮೊದಲು ಚಪ್ಪಾಳೆ ತಟ್ಟಿದವರು ಅವರೇ.

ಮೇಡಂ ಈಗ ಶ್ರೀನಿವಾಸಪುರದಲ್ಲೇ ಇದ್ದಾರೆ. ತಾಯಿಗೆ ಕಿವಿ ಸ್ವಲ್ಪ ಮಂದ, ಉಳಿದಂತೆ ಗಟ್ಟಿ. ಬೀದಿಯ ಹೈಸ್ಕೂಲು ಮಕ್ಕಳು ಸಂಜೆ ಬಂದು ವಿಜ್ಞಾನ ಹೇಳಿಸಿಕೊಂಡು ಹೋಗುತ್ತಾರೆ.

ನಾನು ಮಾಲೂರಿನಲ್ಲಿ ಒಂದು ಬೀಜ ಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ಈ ವರ್ಷ ನಾನೂ ಸಂಶೋಧನೆಗೆ ನೋಂದಾಯಿಸಿದೆ. ಮೇಡಂ ನಿಲ್ಲಿಸಿದ ಕಡೆಯಿಂದ ಮುಂದುವರಿಯಬೇಕು, ಆ ಎರಡು ಕಿಣ್ವಗಳಲ್ಲಿ ಅವರೆಯಲ್ಲಿ ಮೊದಲು ಕೆಲಸಕ್ಕಿಳಿಯುವುದು ಯಾವುದು ಎಂದು ನೋಡಬೇಕು. ಅದಕ್ಕೆ ಮೊದಲು ಅವರು ಮಾಡಿದ್ದನ್ನು ನಾನೇ ಒಮ್ಮೆ ಮಾಡಿ ನೋಡುವುದು ಪದ್ಧತಿ. ಜನವರಿಯಲ್ಲಿ ನಮ್ಮ ಹೊಲದ ಅವರೆಯನ್ನು, ಅಮ್ಮನ ಎಣ್ಣೆಯ ಬಟ್ಟಲು ಹತ್ತಿರ ಸುಳಿಯುವ ಮೊದಲೇ ಎತ್ತಿಟ್ಟುಕೊಂಡೆ. ಹೊಸ ಲ್ಯಾಬು, ಹೊಸ ಗಾಜು, ಪಕ್ಕದಲ್ಲಿ ಕೇಳುವುದಕ್ಕೆ ಯಾರೂ ಇಲ್ಲ. ಪ್ಲೇಟನ್ನು ಅಯೋಡಿನ್ ಹೊಗೆಯಿಂದ ಹೊರತೆಗೆದಾಗ ಒಣ ಕಾಳಿನ ಕಲೆ ಬೆರಳಿನಿಂದ ಒರೆಸಿದರೆ ಹೋಗಿಬಿಡುವಷ್ಟು ತೆಳುವಾಗಿತ್ತು. ಮೇಡಂ ಅವರ ಪ್ರಬಂಧ ತೆರೆದು ಅದರಲ್ಲಿದ್ದ ಚಿತ್ರದ ಪಕ್ಕದಲ್ಲಿ ಪ್ಲೇಟನ್ನು ಇಟ್ಟೆ. ಅದೇ ಎತ್ತರ, ಅಷ್ಟೇ ತೆಳು.

ಫೋನ್ ಮಾಡಿದೆ. ಅವರು ಹೆಚ್ಚೇನೂ ಕೇಳಲಿಲ್ಲ. ಕಾಳು ಎಲ್ಲಿಯದು, ದ್ರಾವಣ ಹೊಸದೇ, ಕಲೆ ಎಷ್ಟಿದೆ.

“ನಿಮ್ಮಷ್ಟೇ ಮೇಡಂ.”

“ಸರಿ ಹಾಗಾದ್ರೆ,” ಎಂದರು, “ನನ್ನ ಕೆಲಸ ಮುಗೀತು. ನೀನು ಮುಂದಕ್ಕೆ ಹೋಗು.”